ನಾಲ್ಮೊಗದ ಬಸದಿಯ ಅರಸು

ಅರಸರಲ್ಲಿ ಎರಡು ಬಗೆ. ತಾವು ಗೆದ್ದ ಯುದ್ಧಗಳಿಂದ ನೆನಪಿನಲ್ಲಿ ಉಳಿಯುವವರು ಒಂದು ಬಗೆಯವರು. ತಾವು ಕಟ್ಟಿಸಿದ ಒಂದು ಕಟ್ಟಡದಿಂದ ಉಳಿಯುವವರು ಇನ್ನೊಂದು ಬಗೆಯವರು. ಮೊದಲನೆಯವರ ಕಥೆಯನ್ನು ಪುಸ್ತಕ ತೆರೆದು ಓದಬೇಕು. ಎರಡನೆಯವರ ಕಥೆಯನ್ನು ಓದಲು ಮೆಟ್ಟಿಲು ಹತ್ತಿ ಕಂಬಕ್ಕೆ ಕೈಯಾನಿಸಿ ನಿಂತರೆ ಸಾಕು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಕಳವನ್ನು ಆಳಿದ ಇಮ್ಮಡಿ ಭೈರರಸ ಒಡೆಯ ಈ ಎರಡನೆಯ ಬಗೆಗೆ ಸೇರಿದವನು. ಕಾರ್ಕಳದ ಚತುರ್ಮುಖ ಬಸದಿಯನ್ನು ಕಂಡವರೆಲ್ಲರೂ ಅವನನ್ನು ಕಂಡಂತೆಯೇ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಆ ನಂಬಿಕೆಯ ಬೆಂಬಲದಿಂದಲೇ ಅವನ ಬಾಳನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಹೊರಟಿದ್ದೇನೆ.

ಉಡುಪಿಯಿಂದ ಮೂಡಣಕ್ಕೆ ಹೊರಟ ದಾರಿ ಮಣಿಪಾಲದ ಗುಡ್ಡವನ್ನೇರಿ, ಪರ್ಕಳ ಹಿರಿಯಡಕ ಬೈಲೂರುಗಳನ್ನು ಹಿಂದಿಕ್ಕಿ ಕಾರ್ಕಳವನ್ನು ಸೇರುತ್ತದೆ. ಮಣಿಪಾಲ ನಮ್ಮ ಕಾಲದ ಊರು. 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ಬೋಳುಗುಡ್ಡವೊಂದು ಪಟ್ಟಣವಾಯಿತು. ಕಾರ್ಕಳ ಹಾಗಲ್ಲ. ಅದು ಘಟ್ಟಕ್ಕೂ ಕಡಲಿಗೂ ನಡುವೆ, ಘಟ್ಟದ ಬುಡದಲ್ಲಿ ಬೆಳೆದ ಹಳೆಯ ಪೇಟೆ. ಮೇಲಿನ ಸೀಮೆಯ ಮೆಣಸು ಅಡಕೆಗಳು ಇಳಿದು ಬರುವ ದಾರಿಯೂ, ಕರಾವಳಿಯ ಉಪ್ಪು ಅಕ್ಕಿಗಳು ಏರಿ ಹೋಗುವ ದಾರಿಯೂ ಇಂತಹ ಊರುಗಳಲ್ಲಿ ಸಂಧಿಸುತ್ತಿದ್ದುವು. ಅಲ್ಲಿನ ಅತ್ಯಂತ ಹಳೆಯ ಬಸದಿಗಳು ಸಾಲುಗಟ್ಟಿ ನಿಂತಿರುವ ಕೇರಿಗೆ ಹಿರಿಯಂಗಡಿ ಎಂಬ ಹೆಸರಿರುವುದನ್ನು ವಾಚಕರು ಗಮನಿಸಬೇಕು. ಹಿರಿಯ ಅಂಗಡಿ ಎಂದರೆ ದೊಡ್ಡ ಪೇಟೆ. ಐವತ್ತು ಅಡಿಗೂ ಮಿಕ್ಕು ಎತ್ತರದ ಮಾನಸ್ತಂಭವನ್ನು ಮುಂದಿಟ್ಟುಕೊಂಡು ನೇಮಿನಾಥ ಬಸದಿ ನಿಂತಿರುವುದು ಆ ಪೇಟೆಯ ಹೆಸರಿನ ಕೇರಿಯಲ್ಲಿಯೇ. ದೇವರೂ ವ್ಯಾಪಾರವೂ ಒಂದೇ ಬೀದಿಯಲ್ಲಿ ಬಾಳಿದ ಊರು ಇದು.

ಈ ಊರಿಗೆ ಅರಸರು ಬಂದದ್ದು ಘಟ್ಟದ ಮೇಲಿನಿಂದ. ಹೊಂಬುಜದ ಸಾಂತರರು ಇವರ ಪೂರ್ವಿಕರು. ಜಿನದತ್ತರಾಯನನ್ನು ಮೂಲಪುರುಷನೆಂದೂ, ಹೊಂಬುಜದ ಪದ್ಮಾವತಿಯನ್ನು ಕುಲದೇವತೆಯೆಂದೂ ಇವರು ಭಾವಿಸಿದ್ದರು. ಅವರ ರಾಜಧಾನಿ ಹೊಂಬುಜದಿಂದ ಕಳಸಕ್ಕೂ, ಕಳಸದಿಂದ ಘಟ್ಟವಿಳಿದು ಕೆರ್ವಾಶೆಗೂ, ಅಲ್ಲಿಂದ ಕಾರ್ಕಳಕ್ಕೂ ಸರಿದು ಬಂದಿತು. ನೂರಾರು ವರ್ಷಗಳಾದ ಮೇಲೂ ಕಾರ್ಕಳದ ಅರಸರು ತಮ್ಮ ಬಿರುದುಗಳಲ್ಲಿ ಹೊಂಬುಜದ ಹೆಸರನ್ನು ಬಿಡಲಿಲ್ಲ. 1334ರಲ್ಲಿ ಲೋಕನಾಥದೇವರಸನ ಆಳ್ವಿಕೆಯಲ್ಲಿ ಹಿರಿಯಂಗಡಿಯ ಶಾಂತಿನಾಥ ಬಸದಿಗೆ ದಾನಗಳಾದುವು. ಬಳಿಕ ಬಂದವನು ವೀರಪಾಂಡ್ಯ. ಅವನು 1432ನೆಯ ಇಸವಿ ಫೆಬ್ರವರಿ 13ರಂದು ಬಂಡೆಯ ಬೆಟ್ಟದ ಮೇಲೆ ಸುಮಾರು 42 ಅಡಿ ಎತ್ತರದ ಬಾಹುಬಲಿಯನ್ನು ನಿಲ್ಲಿಸಿದನು. ನಾಲ್ಕು ವರ್ಷಗಳ ತರುವಾಯ, 1436ರಲ್ಲಿ, ಅದರ ಮುಂದೆ ಬ್ರಹ್ಮದೇವರ ಕಂಬವನ್ನು ನೆಡಿಸಿದನು. ಆ ಮಹಾಮೂರ್ತಿಯನ್ನು ಬೆಟ್ಟಕ್ಕೆ ಏರಿಸಿದ ವೃತ್ತಾಂತವನ್ನು ಚಂದ್ರಮನೆಂಬ ಕವಿ 1646ರಲ್ಲಿ ಕಾವ್ಯವಾಗಿ ಹೇಳಿದ್ದಾನೆ. ವೀರಪಾಂಡ್ಯನ ಹೆಸರನ್ನು ಕಾರ್ಕಳದ ಮಕ್ಕಳೂ ಬಲ್ಲರು.

ಇಂತಹ ಹಿರಿಯನ ವಂಶದಲ್ಲಿ ಅವನ ನೂರೈವತ್ತು ವರ್ಷಗಳ ಅನಂತರ ಸಿಂಹಾಸನವನ್ನೇರಿದವನ ಕಷ್ಟವನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಮುಂಜಾನೆ ಬಾಗಿಲು ತೆರೆದರೆ ಎದುರಿಗೆ ಬೆಟ್ಟ. ಬೆಟ್ಟದ ನೆತ್ತಿಯ ಮೇಲೆ ಪೂರ್ವಿಕನ ಕೀರ್ತಿ. ಅದನ್ನು ಮೀರಿಸುವ ಮೂರ್ತಿಯನ್ನು ಕಡೆಯಿಸುವುದು ಸುಲಭವಲ್ಲ. ಕಡೆಯಿಸಿದರೂ ಅದು ಅನುಕರಣವೇ ಆದೀತು. ಇಮ್ಮಡಿ ಭೈರರಸ ಆ ದಾರಿಯನ್ನು ಹಿಡಿಯಲಿಲ್ಲ. ಅವನ ವಿವೇಕ ಮೊದಲು ಕಾಣುವುದು ಇಲ್ಲಿ.

ಅವನ ತಾಯಿಯ ಹೆಸರು ಗುಮ್ಮಟಾಂಬೆ. ಬೆಟ್ಟದ ಮೇಲಿನ ಗುಮ್ಮಟನ ಹೆಸರನ್ನೇ ಮನೆಯ ಹೆಣ್ಣುಮಗುವಿಗೂ ಇಟ್ಟ ಕುಟುಂಬವದು. ತಂದೆ ವೀರನರಸಿಂಹ ವಂಗರಾಜೇಂದ್ರ, ಬಂಗರ ಮನೆತನದವನು. ಆದರೆ ಭೈರರಸನಿಗೆ ಪಟ್ಟ ಬಂದದ್ದು ತಂದೆಯಿಂದಲ್ಲ, ತಾಯಿಯ ಸೋದರನಾದ ಒಂದನೆಯ ಭೈರರಸನಿಂದ. ತುಳುನಾಡಿನ ಅಳಿಯಸಂತಾನದ ಕಟ್ಟಳೆಯಂತೆ ಸೋದರಳಿಯನೇ ಮಾವನ ಉತ್ತರಾಧಿಕಾರಿ. ಘಟ್ಟವಿಳಿದು ಬಂದ ಅರಸುಮನೆ ಇಳಿದ ನೆಲದ ಸಂಪ್ರದಾಯವನ್ನು ಒಪ್ಪಿ ತುಳುನಾಡಿನದೇ ಆಗಿಬಿಟ್ಟಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಾವನ ಹೆಸರನ್ನೇ ಹೊತ್ತ ಕಾರಣ ಇವನು ಇಮ್ಮಡಿಯಾದನು. ಅವನ ಗುರು ಲಲಿತಕೀರ್ತಿ ಮುನಿಗಳು, ಪನಸೋಗೆಯ ದೇಶೀಗಣದವರು. ವೀರಪಾಂಡ್ಯನ ಗುರುವಿನ ಹೆಸರೂ ಲಲಿತಕೀರ್ತಿಯೇ. ಕಾರ್ಕಳದ ಗುರುಪೀಠದಲ್ಲಿ ಆ ಹೆಸರು ಪರಂಪರೆಯಾಗಿ ಬಂದುದು. ಅರಸರು ಬದಲಾದರೂ ಗುರುವಿನ ಹೆಸರು ಬದಲಾಗದ ಆ ಪೀಠದ ಮಾತು ಮುಂದೆ ಮತ್ತೆ ಬರುವುದು.

ಅವನು ಆಳಿದ ಕಾಲ ನೆಮ್ಮದಿಯದಲ್ಲ. 1565ರಲ್ಲಿ ವಿಜಯನಗರ ಕುಸಿಯಿತು. ವೀರಪಾಂಡ್ಯನ ಕಾಲಕ್ಕೆ ನೆರಳಾಗಿದ್ದ ಆ ಮಹಾವೃಕ್ಷ ಉರುಳಿದ ಮೇಲೆ ತುಳುನಾಡಿನ ಸಣ್ಣ ಅರಸುಮನೆಗಳು ಬಿಸಿಲಿಗೆ ಬಿದ್ದುವು. ಕಡಲ ಕಡೆಯಿಂದ ಪೋರ್ಚುಗೀಸರು ಒತ್ತುತ್ತಿದ್ದರು. 1568ರಲ್ಲಿ ಮಂಗಳೂರಿನಲ್ಲಿ ಕೋಟೆಯನ್ನೇ ಕಟ್ಟಿಕೊಂಡರು. ಘಟ್ಟದ ಕಡೆಯಿಂದ ಕೆಳದಿಯ ನಾಯಕರು ಬೆಳೆಯುತ್ತಿದ್ದರು. ಉತ್ತರದ ಗೇರುಸೊಪ್ಪೆಯಲ್ಲಿ ಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿ ಇನ್ನೂ ಆಳುತ್ತಿದ್ದಳು. ಅಲ್ಲಿಯೂ ಒಂದು ಚತುರ್ಮುಖ ಬಸದಿ ಇದೆ. ಜೈನಧರ್ಮಕ್ಕೆ ಕರಾವಳಿಯಲ್ಲಿ ಆಗ ಆಸರೆ ಇರಲಿಲ್ಲವೆಂದಲ್ಲ. ಕಾಪುವಿನಲ್ಲಿ ಮದ್ದ ಹೆಗ್ಗಡೆಯೆಂಬ ಸ್ಥಳೀಯ ಪ್ರಭು ಅಲ್ಲಿನ ಧರ್ಮನಾಥ ಬಸದಿಗೆ ಭೂಮಿಯನ್ನು ದಾನವಿತ್ತ ತಾಮ್ರಶಾಸನ ಆ ಶತಮಾನದ ನಡುಗಾಲದ್ದು. ಆದರೆ ಆ ಶಾಸನವೇ ಕೆಳದಿಯ ಸದಾಶಿವನಾಯಕನ ಹೆಸರನ್ನು ಮೇಲೆ ಹೊತ್ತಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂಬುದನ್ನು ತಿಳಿಯಲು ಭೈರರಸನಿಗೆ ಜ್ಯೋತಿಷಿಯ ಅಗತ್ಯವಿರಲಿಲ್ಲ.

ಇಂತಹ ಕಾಲದಲ್ಲಿ ಅರಸನಾದವನು ಸಾಮಾನ್ಯವಾಗಿ ಕೋಟೆಯನ್ನು ಕಟ್ಟಿಸುತ್ತಾನೆ. ಗೋಡೆಗಳನ್ನು ದಪ್ಪಗೊಳಿಸುತ್ತಾನೆ, ಬಾಗಿಲುಗಳನ್ನು ಕಡಿಮೆ ಮಾಡುತ್ತಾನೆ. ಭೈರರಸನ ಕಟ್ಟಡ ನಮ್ಮ ಕಾಲಕ್ಕೆ ಉಳಿದು ಬಂದಿರುವುದು ನಾಲ್ಕು ದಿಕ್ಕಿಗೂ ಬಾಗಿಲುಗಳಿರುವ ಬಸದಿಯ ರೂಪದಲ್ಲಿ.

ಅದರ ಹುಟ್ಟಿನ ಕುರಿತು ಕಾರ್ಕಳದಲ್ಲಿ ಹೇಳಿಕೊಂಡು ಬಂದ ಕಥೆಯೊಂದುಂಟು. ಶೃಂಗೇರಿಯ ಶ್ರೀ ನರಸಿಂಹ ಭಾರತಿ ಸ್ವಾಮಿಗಳು ಒಮ್ಮೆ ಕಾರ್ಕಳಕ್ಕೆ ಚಿತ್ತೈಸಿದರಂತೆ. ಅರಸು ಅವರನ್ನು ಆದರದಿಂದ ಎದುರ್ಗೊಂಡು, ಹೊಸದಾಗಿ ಕಟ್ಟಿ ಮುಗಿಸಿದ ದೇಗುಲದಲ್ಲಿ ಬಿಡಾರ ಮಾಡಿಸಿದನಂತೆ. ದೇಗುಲ ಕಟ್ಟಿದ್ದು ಜಿನಬಿಂಬಕ್ಕಾಗಿ. ಬಿಂಬದ ಪ್ರತಿಷ್ಠೆ ಮಾತ್ರ ಇನ್ನೂ ಆಗಿರಲಿಲ್ಲ. ಸ್ವಾಮಿಗಳು ದೇವರಿಲ್ಲದ ಗರ್ಭಗುಡಿಯನ್ನು ಕಂಡು ವಿಚಾರಿಸಿದಾಗ, ಅತಿಥಿಯ ಮನಸ್ಸನ್ನು ನೋಯಿಸಲಾರದೆ ಅರಸು ಅಲ್ಲಿ ಅನಂತಶಯನನನ್ನು ಪ್ರತಿಷ್ಠೆ ಮಾಡಿಸಿದನು. ತನ್ನ ಜಿನೇಶ್ವರರಿಗೆ ಬಂಡೆಯ ಗುಡ್ಡದ ಮೇಲೆ ಬೇರೆಯೇ ಆದ, ಇನ್ನೂ ಹಿರಿದಾದ ಮನೆಯನ್ನು ಕಟ್ಟಿಸಿದನು ಎಂಬುದು ಪ್ರತೀತಿ. ಅನಂತಶಯನ ದೇವಾಲಯ ಇಂದೂ ಕಾರ್ಕಳದಲ್ಲಿದೆ. ಕಥೆಯ ವಿವರಗಳನ್ನು ಇತಿಹಾಸದ ತಕ್ಕಡಿಯಲ್ಲಿ ತೂಗಲು ನಾನು ಹೋಗುವುದಿಲ್ಲ. ತಮ್ಮ ಅರಸನ ವಿಷಯವಾಗಿ ಇಂತಹ ಕಥೆಯನ್ನು ಆಯ್ದು ಉಳಿಸಿಕೊಂಡ ಊರಿನ ಮನಸ್ಸು ಮಾತ್ರ ನನಗೆ ಮುಖ್ಯವೆಂದು ತೋರುತ್ತದೆ. ಜೈನನಾದ ಅರಸು, ಅದ್ವೈತಿಗಳಾದ ಯತಿಗಳು, ವಿಷ್ಣುವಿನ ಮೂರ್ತಿ: ಈ ಮೂರೂ ಒಂದೇ ಕಥೆಯಲ್ಲಿ ಜಗಳವಿಲ್ಲದೆ ಕೂಡಿಕೊಂಡಿವೆ.

ಬಸದಿಯ ಪ್ರತಿಷ್ಠೆಯಾದದ್ದು ಶಾಲಿವಾಹನ ಶಕ 1508ನೆಯ ವ್ಯಯ ಸಂವತ್ಸರದ ಚೈತ್ರದಲ್ಲಿ, ಎಂದರೆ ಕ್ರಿ. ಶ. 1586ರಲ್ಲಿ. ಅರಸು ಅದಕ್ಕೆ ಇಟ್ಟ ಹೆಸರು ತ್ರಿಭುವನತಿಲಕ ಜಿನಚೈತ್ಯಾಲಯ. ಗುಡ್ಡವನ್ನು ಹತ್ತಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಅದರ ಸಮತೆ. ಯಾವುದು ಮುಂದು, ಯಾವುದು ಹಿಂದು ಎಂದು ಹೇಳಲಾಗದು. ನಾಲ್ಕು ಕಡೆಗೂ ಒಂದೇ ಬಗೆಯ ಮೊಗಸಾಲೆ, ಒಂದೇ ಬಗೆಯ ಬಾಗಿಲು. ಯಾವ ಬಾಗಿಲಿನಿಂದ ಒಳಹೊಕ್ಕರೂ ಎದುರಾಗುವವರು ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರು. ಮೂವರಂತೆ ನಾಲ್ಕು ದಿಕ್ಕಿಗೆ ಹನ್ನೆರಡು ಮೂರ್ತಿಗಳು, ಒಂದಕ್ಕೊಂದು ಬೆನ್ನುಕೊಟ್ಟು ನಾಲ್ಕು ಲೋಕಗಳನ್ನು ನೋಡುತ್ತ ನಿಂತಿವೆ. ಪಡುವಣ ಕಡೆಯಲ್ಲಿ ಇಪ್ಪತ್ತನಾಲ್ವರು ತೀರ್ಥಂಕರರ ಸಣ್ಣ ಬಿಂಬಗಳನ್ನೂ ಸೇರಿಸಲಾಗಿದೆ. ಒಟ್ಟು ಕಂಬಗಳು 108 ಎಂಬುದು ರೂಢಿಯ ಎಣಿಕೆ. ಅವುಗಳ ಮೈಮೇಲೆ ಬಳ್ಳಿಗಳು, ನಾಗಬಂಧಗಳು, ನರ್ತಕಿಯರು.

ಕಲ್ಲಿನ ವಿಷಯವಾಗಿಯೂ ಒಂದು ಮಾತು ಹೇಳಬೇಕು. ನಮ್ಮ ಕರಾವಳಿಯ ಮನೆಗಳು ಹುಟ್ಟುವುದು ಮುರಕಲ್ಲಿನಿಂದ. ನೆಲದೊಳಗೆ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಆ ಕೆಂಪುಕಲ್ಲಿನಲ್ಲಿ ನವಿರಾದ ಕೆತ್ತನೆ ನಿಲ್ಲದು. ಮಳೆಯೋ ಜೂನ್ ತಿಂಗಳಿನಿಂದ ನಾಲ್ಕು ತಿಂಗಳು ಬಿಡದೆ ಸುರಿಯತಕ್ಕದ್ದು. ಅದಕ್ಕಾಗಿಯೇ ಇಲ್ಲಿನ ದೇವಾಲಯಗಳಿಗೆ ಇಳಿಜಾರಿನ ಮಾಡು. 1430ರ ಸುಮಾರಿಗೆ ಕಟ್ಟಿದ ಮೂಡುಬಿದಿರೆಯ ಸಾವಿರಕಂಬದ ಬಸದಿಯೂ ಮೇಲಿನ ಅಂತಸ್ತುಗಳಲ್ಲಿ ಮರವನ್ನೂ ತಾಮ್ರದ ಹೊದಿಕೆಯನ್ನೂ ನೆಚ್ಚಿಕೊಂಡಿದೆ. ಭೈರರಸನ ಶಿಲ್ಪಿಗಳು ಮರವನ್ನು ಕೈಬಿಟ್ಟು, ಗುಡ್ಡದ ಶಿಲೆಕಲ್ಲನ್ನೇ ಗೋಡೆಗೂ ಕಂಬಕ್ಕೂ ಮಾಡಿಗೂ ಬಳಸಿದರು. ಮೇಲೆ ಶಿಖರವಿಲ್ಲ, ಗೋಪುರವಿಲ್ಲ. ದಪ್ಪ ಚಪ್ಪಡಿಗಳನ್ನು ಹಾಸಿದ ತಗ್ಗಾದ ಮಾಡು. ಎದುರಿನ ಬೆಟ್ಟದ ಮೂರ್ತಿ ಆಕಾಶಕ್ಕೆ ಎದ್ದು ನಿಂತಿದ್ದರೆ ಇದು ನೆಲವನ್ನು ಅಪ್ಪಿಕೊಂಡು ಕುಳಿತಿದೆ. ವೀರಪಾಂಡ್ಯನ ಎತ್ತರದೊಡನೆ ಸ್ಪರ್ಧಿಸದೆ ಭೈರರಸ ಅಗಲವನ್ನು ಆರಿಸಿಕೊಂಡನು. ಬಸದಿಯ ಜಗಲಿಯಲ್ಲಿ ನಿಂತು ಗೊಮ್ಮಟನ ಕಡೆ ಕಣ್ಣು ಹಾಯಿಸಿದಾಗಲೆಲ್ಲ, ಎರಡೂ ಒಂದೇ ಕೃತಿಯ ಎರಡು ಭಾಗಗಳೆಂದು ನನಗೆ ಭಾಸವಾಗಿದೆ.

ಕಟ್ಟಿಸುವುದು ಅರ್ಧ ಕೆಲಸ. ಕಟ್ಟಿದ್ದನ್ನು ನಡೆಸಿಕೊಂಡು ಹೋಗುವುದು ಉಳಿದರ್ಧ. ಭೈರರಸನ ಸಂಸ್ಕೃತ ಕನ್ನಡ ಮಿಶ್ರಿತವಾದ ಶಾಸನವನ್ನು ಹೊಸಕೋಟೆ ಕೃಷ್ಣಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಪಾದಿಸಿ ಪ್ರಕಟಿಸಿದರು. ಅದನ್ನು ಓದಿದವರಿಗೆ ಅವನ ಸ್ವಭಾವದ ಇನ್ನೊಂದು ಮುಖ ಕಾಣುತ್ತದೆ. ವಂಶದ ಹೊಗಳಿಕೆ, ಬಿರುದಾವಳಿ ಮುಗಿದ ಮೇಲೆ ಶಾಸನ ಲೆಕ್ಕಕ್ಕೆ ಇಳಿಯುತ್ತದೆ. ತೆಳ್ಳಾರು ಗ್ರಾಮದ ಹುಟ್ಟುವಳಿಯ ಅಕ್ಕಿ, ರೆಂಜಾಳ ನಲ್ಲೂರುಗಳಿಂದ ಬರತಕ್ಕ ಹಣ, ಅದರಿಂದ ನಡೆಯಬೇಕಾದ ನಿತ್ಯಪೂಜೆ, ಪೂಜೆಯ ಸ್ಥಾನಿಕರ ಬಾಳುವೆ ಎಲ್ಲಕ್ಕೂ ಏರ್ಪಾಡಿದೆ. ಇದನ್ನು ಓದುವಾಗ ಕಿರೀಟ ಧರಿಸಿದ ಅರಸನಿಗಿಂತ ಹೆಚ್ಚಾಗಿ, ತಾನಿಲ್ಲದ ನಾಳೆಯನ್ನು ಚಿಂತಿಸುತ್ತಿರುವ ಮನೆಯ ಯಜಮಾನ ನನ್ನ ಕಣ್ಣ ಮುಂದೆ ಬರುತ್ತಾನೆ. ಅದೇ ಶತಮಾನದಲ್ಲಿ ಉಡುಪಿಯಲ್ಲಿ ಶ್ರೀ ವಾದಿರಾಜರು ಕೃಷ್ಣಪೂಜೆಯನ್ನು ಅಷ್ಟಮಠಗಳಿಗೆ ಎರಡೆರಡು ವರ್ಷಗಳಂತೆ ಹಂಚುವ ಪರ್ಯಾಯದ ಕ್ರಮವನ್ನು ನೆಲೆಗೊಳಿಸಿದರು. ಮತಗಳು ಬೇರೆ, ದೇವರುಗಳು ಬೇರೆ. ಆದರೆ ಆಶ್ರಯದಾತರು ಯಾವ ಗಳಿಗೆಯಲ್ಲಾದರೂ ಇಲ್ಲವಾಗಬಹುದಾದ ಕಾಲದಲ್ಲಿ, ದೇವರ ಮನೆಯ ದೀಪ ಒಬ್ಬನ ಮರ್ಜಿಯನ್ನು ಕಾಯಬಾರದು ಎಂಬ ಯೋಚನೆ ಇಬ್ಬರದೂ ಒಂದೇ.

ಇಲ್ಲಿ ದೂರದ ದೇಶದ ಒಂದು ಊರು ನನ್ನ ನೆನಪಿಗೆ ಬರುತ್ತದೆ. ಇಂಗ್ಲೆಂಡಿನ ಪಶ್ಚಿಮ ಗಡಿಯ ಕಡೆ ಲಡ್ಲೋ ಎಂಬ ಸಂತೆಯ ಪಟ್ಟಣವಿದೆ. 1066ರಲ್ಲಿ ಕಡಲು ದಾಟಿ ಬಂದು ಆ ದೇಶವನ್ನು ಗೆದ್ದ ನಾರ್ಮನ್ನರಲ್ಲಿ ಡಿ ಲೇಸಿ ಎಂಬ ಮನೆತನದವರು ಹನ್ನೊಂದನೆಯ ಶತಮಾನದ ಕೊನೆಗೆ ಅಲ್ಲಿ ಕಲ್ಲಿನ ಕೋಟೆಯನ್ನು ಕಟ್ಟಿಸಿದರು. ಮುಂದಿನ ಶತಮಾನದಲ್ಲಿ ಕೋಟೆಯೊಳಗೆ ವರ್ತುಲಾಕಾರದ ಪ್ರಾರ್ಥನಾಮಂದಿರವೊಂದು ಎದ್ದಿತು. ಅರೆವೃತ್ತದ ಕಮಾನು, ಕಮಾನಿನ ಅಂಚಿಗೆ ಹಾವಿನ ನಡೆಯಂತಹ ಅಂಕುಡೊಂಕಿನ ಕೆತ್ತನೆ ಇವು ನಾರ್ಮನ್ನರ ಶೈಲಿಯ ಗುರುತುಗಳು. ಇಂದು ಡಿ ಲೇಸಿಗಳ ದರ್ಬಾರು ಇಲ್ಲ. ಮಂದಿರಕ್ಕೆ ಮಾಡೂ ಇಲ್ಲ. ಕೋಟೆಯ ಬಾಗಿಲಿನೆದುರು ಸಂತೆ ಮಾತ್ರ ಇನ್ನೂ ಕೂಡುತ್ತದೆ. ಹೊರಗಿನಿಂದ ಬಂದ ಅರಸುಮನೆ, ಅದು ತಂದ ಕಲ್ಲಿನ ಕಲೆ, ಅದನ್ನು ಹೊತ್ತು ಉಳಿದ ಪೇಟೆ: ಈ ಮೂರರ ಸಂಬಂಧದಲ್ಲಿ ಲಡ್ಲೋ ಕಾರ್ಕಳದ ದೂರದ ನೆಂಟ. ಭೇದವೂ ಅಷ್ಟೇ ಸ್ಪಷ್ಟ. ಗೆದ್ದವರು ಅಲ್ಲಿ ಗೆಲ್ಲಲ್ಪಟ್ಟವರಿಗೆ ಅಂಜಿ ಗೋಡೆಯೊಳಗೆ ದೇವರನ್ನಿಟ್ಟರು. ಭೈರರಸ ಗುಡ್ಡದ ಮೇಲೆ ಬಯಲಿಗೆ ದೇವರನ್ನಿಟ್ಟು ಎಲ್ಲ ದಿಕ್ಕಿಗೂ ಬಾಗಿಲು ತೆರೆದನು.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಸುಂದರವಾಗಿರುತ್ತಿತ್ತು, ಪೂರ್ಣವಾಗುತ್ತಿರಲಿಲ್ಲ. ಇದೇ ಭೈರರಸನ ಕುರಿತು ವೇಣೂರಿನ ಕಡೆ ಬೇರೊಂದು ಕಥೆಯನ್ನು ಹೇಳುತ್ತಾರೆ. ವೇಣೂರಿನ ಅರಸು ತಿಮ್ಮಣ್ಣ ಅಜಿಲ ತನ್ನ ಊರಿನಲ್ಲಿಯೂ ಗೊಮ್ಮಟನನ್ನು ನಿಲ್ಲಿಸಲು ಹೊರಟಾಗ ಕಾರ್ಕಳದ ಅರಸನಿಗೆ ಅಸೂಯೆ ಹುಟ್ಟಿತಂತೆ. ಇನ್ನೊಂದು ಗೊಮ್ಮಟ ಎದ್ದರೆ ಕಾರ್ಕಳದ ಗೊಮ್ಮಟನ ಮಹಿಮೆ ಕುಂದೀತೆಂದು ಎಣಿಸಿ, ಮೂರ್ತಿಯನ್ನು ಕಾರ್ಕಳಕ್ಕೇ ಕಳುಹಿಸಿಕೊಡಬೇಕೆಂದು ಹೇಳಿ ಕಳುಹಿಸಿದನಂತೆ. ಅಜಿಲ ಒಪ್ಪಲಿಲ್ಲ. ದಂಡು ಹೊರಟಿತು, ಅಜಿಲ ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹುದುಗಿಸಿ ಕಾಪಾಡಿದನೆಂದು ಐತಿಹ್ಯ. ಕಡೆಗೆ 1604ನೆಯ ಇಸವಿ ಮಾರ್ಚ್ 1ರಂದು ವೇಣೂರಿನಲ್ಲಿ ಪ್ರತಿಷ್ಠೆ ನಡೆದೇ ನಡೆಯಿತು. ಕಾರ್ಕಳದ ಮೂರ್ತಿಗಿಂತ ಕಿರಿದಾದ ಆ ಗೊಮ್ಮಟ ನದಿಯ ದಡದಲ್ಲಿ ಇಂದಿಗೂ ಮುಗುಳ್ನಗುತ್ತಿದ್ದಾನೆ.

ಅತಿಥಿಯ ದೇವರಿಗೆ ತನ್ನ ದೇಗುಲವನ್ನೇ ಬಿಟ್ಟುಕೊಟ್ಟವನೂ, ಸಧರ್ಮಿಯ ಮೂರ್ತಿಯ ಮೇಲೆ ದಂಡೆತ್ತಿದವನೂ ಒಬ್ಬನೇ ಆಗಿರಬಲ್ಲನೇ? ಆಗಿರಬಲ್ಲನೆಂದೇ ನನ್ನ ಎಣಿಕೆ. ಪರರ ವಿಷಯದಲ್ಲಿ ಉದಾರನಾಗುವುದು ಸುಲಭ. ತನ್ನವನು ತನ್ನ ಸಮಕ್ಕೆ ಬಂದಾಗ ಹಾಗೆಯೇ ಇರುವುದು ಕಷ್ಟ. ಪೂರ್ವಿಕನ ನೆರಳಿನಲ್ಲಿ ಬಾಳಿದವನಿಗೆ ಆ ನೆರಳೇ ಆಸ್ತಿಯೂ ಆಗುತ್ತದೆ. ಹೊರಗಿನ ರಾಜ್ಯ ದಿನದಿನಕ್ಕೆ ಕುಗ್ಗುತ್ತಿರುವಾಗ, ಕೈಯಲ್ಲಿ ಉಳಿದ ಕೀರ್ತಿಯೊಂದನ್ನು ಹಂಚಿಕೊಳ್ಳಲು ಅವನ ಮನಸ್ಸು ಒಪ್ಪಲಿಲ್ಲವೇನೋ. ಎರಡು ಕಥೆಗಳನ್ನೂ ಜನ ಮರೆಯದೆ ಇಟ್ಟುಕೊಂಡಿದ್ದಾರೆ. ಅರಸನನ್ನು ದೇವರಾಗಿಸದೆ ಮನುಷ್ಯನಾಗಿಯೇ ಉಳಿಸಿದ ಜನಪದದ ನ್ಯಾಯಬುದ್ಧಿಗೆ ನಾನು ತಲೆಬಾಗುತ್ತೇನೆ.

ಮುಂದಿನ ಕಥೆ ದೀರ್ಘವಾದುದಲ್ಲ. ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಮುರಿದು ತುಳುನಾಡಿನ ಅರಸರನ್ನು ಒಬ್ಬೊಬ್ಬರನ್ನಾಗಿ ಬಗ್ಗಿಸಿದನು. 1646ರಲ್ಲಿ ಗೊಮ್ಮಟನಿಗೆ ಮಸ್ತಕಾಭಿಷೇಕವನ್ನು ನಡೆಸುವಷ್ಟು ಕಾಲ ಭೈರರಸರ ವಂಶ ಉಳಿದುಕೊಂಡಿತ್ತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ ಮೇಲೆ ಕೆಳದಿಯ ಆಳ್ವಿಕೆಯೂ ಮುಗಿಯಿತು. 1799ರಲ್ಲಿ ಟಿಪ್ಪುವಿನ ಪತನದೊಡನೆ ನಾಡು ಇಂಗ್ಲಿಷರ ಪಾಲಾಯಿತು. ಬಸದಿಯಂತೆ ಎದ್ದು ನಿಂತ ಭೈರರಸರ ಅರಮನೆ ಯಾವುದೂ ಇಂದು ಕಾರ್ಕಳದಲ್ಲಿಲ್ಲ.

ಬಸದಿ ಉಳಿಯಿತು. ಅದನ್ನು ಉಳಿಸಿದವರು ಯಾರು? ಕಲ್ಲಿನ ಗಟ್ಟಿತನ ಒಂದು ಕಾರಣ, ನಿಜ. ಆದರೆ ಪೂಜೆ ನಿಂತ ಕಟ್ಟಡ ಎಷ್ಟೇ ಗಟ್ಟಿಯಾಗಿರಲಿ ಗಿಡಗಂಟಿಗಳ ಬೇರಿಗೆ ಸೀಳಿಹೋಗುತ್ತದೆ. ಗೇರುಸೊಪ್ಪೆಯ ಕಾಡಿನಲ್ಲಿ ಒಂಟಿಯಾಗಿ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೇರುಸೊಪ್ಪೆಯಲ್ಲಿ ರಾಣಿಯೊಡನೆ ಪೇಟೆಯೂ ಹೋಯಿತು. ಕಾರ್ಕಳದಲ್ಲಿ ಅರಸು ಹೋದರೂ ಪೇಟೆ ಹೋಗಲಿಲ್ಲ. ಹಿರಿಯಂಗಡಿಯ ಬಸದಿಗಳನ್ನು ನಡೆಸಿಕೊಂಡು ಬಂದ ಶ್ರಾವಕ ಕುಟುಂಬಗಳು, ಲಲಿತಕೀರ್ತಿ ಎಂಬ ಹೆಸರನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸಿದ ಗುರುಪೀಠ, ಹೊತ್ತಿಗೆ ಸರಿಯಾಗಿ ದೀಪ ಹಚ್ಚಿದ ಇಂದ್ರರು ಇವರೆಲ್ಲ ಸೇರಿ ಅರಸನ ಮಾತನ್ನು ನಡೆಸಿದರು. ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯೂ ಸೇರಿಕೊಂಡಿದೆ. ಹನ್ನೆರಡು ವರ್ಷಗಳಿಗೊಮ್ಮೆ ನಡೆಯಬೇಕಾದ ಮಹಾಮಸ್ತಕಾಭಿಷೇಕ 2015ರಲ್ಲಿ ನಡೆದಾಗ ಗೊಮ್ಮಟಬೆಟ್ಟಕ್ಕೆ ಬಂದ ಜನರಲ್ಲಿ ಎಷ್ಟೋ ಮಂದಿ ಎದುರಿನ ಗುಡ್ಡದ ಬಸದಿಯನ್ನೂ ಹತ್ತಿ ಇಳಿದರು. ಅವರಲ್ಲಿ ಅರಸನ ಹೆಸರು ತಿಳಿದವರು ಕಡಿಮೆಯಿದ್ದಿರಬಹುದು. ಅದರಿಂದ ನಷ್ಟವಿಲ್ಲ.

ಆಳುವವನ ಆಯುಸ್ಸಿಗೆ ಮಿತಿಯುಂಟು. ಆಳ್ವಿಕೆಯ ಆಯುಸ್ಸಿಗೂ ಉಂಟು. ಕಟ್ಟಿಸಿದ್ದನ್ನು ಊರು ತನ್ನದೆಂದು ಒಪ್ಪಿಕೊಂಡರೆ ಮಾತ್ರ ಅದಕ್ಕೆ ಮೂರನೆಯ ಆಯುಸ್ಸು ದೊರೆಯುತ್ತದೆ. ಊರು ಒಪ್ಪಿಕೊಳ್ಳಬೇಕಾದರೆ ಒಳಗೆ ಬರಲು ದಾರಿ ಬೇಕು. ಇಮ್ಮಡಿ ಭೈರರಸ ನಾಲ್ಕು ದಾರಿಗಳನ್ನು ಬಿಟ್ಟು ಹೋದನು. ಮಳೆಗಾಲ ಮುಗಿದ ಒಂದು ಸಂಜೆ ವಾಚಕರು ಅಲ್ಲಿಗೆ ಹೋದರೆ, ಪಡುವಣ ಬಾಗಿಲಿನಿಂದ ಬೆಳಕು ಒಳಬಂದು ತೀರ್ಥಂಕರರ ಪಾದಗಳನ್ನು ಮುಟ್ಟುವುದನ್ನು ಕಾಣಬಹುದು. ಬೆಳಿಗ್ಗೆ ಹೋದವರಿಗೆ ಅದೇ ಬೆಳಕು ಮೂಡಣ ಬಾಗಿಲಿನಲ್ಲಿ ಕಾಣುತ್ತದೆ.